ಹೆಲ್ಮ್ ಮತ್ತು ಹೆಲ್ಮೆಟ್: ಒಂದು ಪ್ರತ್ಯಯದ ಅಂತರ

ಇಂಗ್ಲಿಷ್ ನಿಘಂಟಿನಲ್ಲಿ ನೆರೆಹೊರೆಯಾಗಿ ಎರಡು ಶಬ್ದಗಳು ವಾಸವಾಗಿವೆ: ಹೆಲ್ಮ್ ಮತ್ತು ಹೆಲ್ಮೆಟ್. ಎರಡೂ ತಲೆಯನ್ನು ಕಾಯುವ ಹೊದಿಕೆಗಳೇ. ಕಾಗುಣಿತದಲ್ಲಿ ಎರಡು ಅಕ್ಷರ ಹೆಚ್ಚು ಕಡಮೆ, ಅಷ್ಟೆ. ಕನ್ನಡದಲ್ಲಿ ಅರ್ಥ ಹೇಳಬೇಕಾಗಿ ಬಂದಾಗ ಎರಡಕ್ಕೂ ಶಿರಸ್ತ್ರಾಣ ಎಂದುಬಿಟ್ಟು ನಾವು ಮುಂದಕ್ಕೆ ಹೋಗುತ್ತೇವೆ. ಯಾರಾದರೂ ಜಾಣ ವಿದ್ಯಾರ್ಥಿ ಎದ್ದು ನಿಂತು, “ಹಾಗಾದರೆ ಎರಡು ಶಬ್ದಗಳೇಕೆ?” ಎಂದು ಕೇಳಿದರೆ, ಅದಕ್ಕೂ ಒಂದು ಸಿದ್ಧ ಉತ್ತರವುಂಟು: ಹೆಲ್ಮ್ ಕಾವ್ಯಕ್ಕೆ, ಹೆಲ್ಮೆಟ್ ಗದ್ಯಕ್ಕೆ. ಸೂತ್ರ ಚಿಕ್ಕದು, ನೆನಪಿಡುವುದು ಸುಲಭ, ಪರೀಕ್ಷೆಗೆ ಸಾಕು. ಸಾಹಿತ್ಯವನ್ನು ಓದುವುದಕ್ಕೆ ಮಾತ್ರ ಸಾಲದು ಎಂಬುದು ನನ್ನ ಅಭಿಪ್ರಾಯ.

ನಾನು ಹೇಳಬೇಕೆಂದಿರುವುದನ್ನು ಮೊದಲೇ ಹೇಳಿಬಿಡುತ್ತೇನೆ. ಹೆಲ್ಮ್ ಎಂಬುದು ಮೂಲದಲ್ಲಿ ಕಾಯುವ ಕಾರ್ಯದ ಹೆಸರು. ಹೆಲ್ಮೆಟ್ ಎಂಬುದು ಕಾಯುವ ಒಂದು ವಸ್ತುವಿನ ಹೆಸರು. ಒಬ್ಬ ಮನುಷ್ಯ ಇನ್ನೊಬ್ಬನಿಗೆ ಹೆಲ್ಮ್ ಆಗಬಲ್ಲ, ಹೆಲ್ಮೆಟ್ ಆಗಲಾರ. ಈ ಅಂತರವನ್ನು ಮರೆತು ಓದಿದರೆ ಇಂಗ್ಲಿಷ್ ಕಾವ್ಯದ ಕೆಲವು ಮುಖ್ಯ ಸ್ಥಳಗಳಲ್ಲಿ ನಮಗೆ ಲೋಹ ಕಾಣುತ್ತದೆ, ಅರ್ಥ ಕಾಣುವುದಿಲ್ಲ. ಅನುವಾದಕರ ಪಾಲಿಗಂತೂ ಇದು ಸಣ್ಣ ನಷ್ಟವಲ್ಲ.

ಶಬ್ದಗಳ ಮನೆತನವನ್ನು ಸ್ವಲ್ಪ ವಿಚಾರಿಸೋಣ. ಹೆಲ್ಮ್ ಪ್ರಾಚೀನ ಜರ್ಮಾನಿಕ್ ಭಾಷಾವರ್ಗಕ್ಕೆ ಸೇರಿದ ಮಾತು. ಅದರ ಹಿಂದಿರುವ ಇಂಡೋ-ಯುರೋಪಿಯನ್ ಧಾತುವಿಗೆ ‘ಮುಚ್ಚು, ಮರೆಮಾಡು, ಕಾಪಾಡು’ ಎಂಬ ಅರ್ಥ. ಅದೇ ಧಾತುವಿನಿಂದ ಇಂಗ್ಲಿಷಿನಲ್ಲಿ ದೊಡ್ಡ ಸಂಸಾರವೇ ಬೆಳೆದಿದೆ. ಚಾವಣಿ ಹೊದಿಸಿದ ಹಾಲ್, ಕಾಳಿನ ಮೇಲಿನ ಸಿಪ್ಪೆಯಾದ ಹಲ್, ಪಿಸ್ತೂಲಿನ ಒರೆಯಾದ ಹೋಲ್‌ಸ್ಟರ್, ಸತ್ತವರನ್ನು ಮರೆಮಾಡುವ ಹೆಲ್ ಎಂಬ ನರಕ, ಇವೆಲ್ಲ ಒಂದೇ ಬಳ್ಳಿಯ ಕಾಯಿಗಳು. ಸಂಸ್ಕೃತದ ‘ಶಾಲಾ’ ಶಬ್ದವನ್ನೂ, ಆಶ್ರಯವೆಂಬ ಅರ್ಥದ ವೈದಿಕ ‘ಶರ್ಮನ್’ ಶಬ್ದವನ್ನೂ ಇದೇ ಧಾತುವಿನೊಡನೆ ಸೇರಿಸುವ ಭಾಷಾಶಾಸ್ತ್ರಜ್ಞರಿದ್ದಾರೆ. ಇಂಗ್ಲೆಂಡಿನ ಉತ್ತರ ಭಾಗದ ಆಡುಮಾತಿನಲ್ಲಿ ದನಗಳಿಗೆ ಮಳೆಯಿಂದ ಆಸರೆ ಕೊಡುವ ಕೊಟ್ಟಿಗೆಗೂ ಹೆಲ್ಮ್ ಎಂಬ ಹೆಸರಿತ್ತು. ನಮ್ಮ ಗೋಶಾಲೆಯನ್ನು ನೆನೆದರೆ ಈ ನಂಟು ವಿಚಿತ್ರವೆನಿಸದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಡಗಿನ ಚುಕ್ಕಾಣಿಗೂ ಇಂಗ್ಲಿಷಿನಲ್ಲಿ ಹೆಲ್ಮ್ ಎಂದೇ ಹೆಸರು. ರಾಜ್ಯದ ಚುಕ್ಕಾಣಿ ಹಿಡಿದವರು ಎಂದು ಪತ್ರಿಕೆಗಳಲ್ಲಿ ಬರುವಾಗ ಇಂಗ್ಲಿಷಿನವರ ಮನಸ್ಸಿನಲ್ಲಿರುವುದು ಈ ಹೆಲ್ಮ್. ಇದು ಬೇರೆ ಶಬ್ದ. ಹಳೆಯ ಇಂಗ್ಲಿಷಿನಲ್ಲಿ ತಲೆಯದು ‘ಹೆಲ್ಮ್’, ಹಡಗಿನದು ‘ಹೆಲ್ಮ’; ಕೊನೆಯ ಸ್ವರ ಉದುರಿಹೋದಾಗ ಎರಡೂ ಒಂದೇ ರೂಪಕ್ಕೆ ಬಂದವು. ದೊರೆಯನ್ನು ಹೆಲ್ಮ್ ಎಂದು ಕರೆದ ಹಳೆಯ ಕವಿಗಳು ಅವನು ರಾಜ್ಯದ ಹಡಗನ್ನು ನಡೆಸುವವನೆಂದು ಹೇಳುತ್ತಿರಲಿಲ್ಲ. ಅವನು ಜನರನ್ನು ಮುಚ್ಚಿ ಕಾಯುವವನು ಎನ್ನುತ್ತಿದ್ದರು.

ಇನ್ನು ಹೆಲ್ಮೆಟ್. ಜರ್ಮಾನಿಕ್ ಕುಲದ ಫ್ರಾಂಕರು ಗಾಲ್ ದೇಶಕ್ಕೆ ಹೋದಾಗ ತಮ್ಮ ಹೆಲ್ಮನ್ನು ಜೊತೆಯಲ್ಲಿ ಒಯ್ದರು. ಅದು ಫ್ರೆಂಚ್ ಭಾಷೆಗೆ ಇಳಿಯಿತು. ಫ್ರೆಂಚರು ಅದಕ್ಕೆ ‘ಎಟ್’ ಎಂಬ ಲಘುತ್ವಸೂಚಕ ಪ್ರತ್ಯಯವನ್ನು ಹಚ್ಚಿ ‘ಚಿಕ್ಕ ಹೆಲ್ಮ್’ ಎಂಬ ಅರ್ಥ ಮಾಡಿಕೊಂಡರು. 15ನೆಯ ಶತಮಾನದಲ್ಲಿ ಆ ಚಿಕ್ಕ ಹೆಲ್ಮ್ ಇಂಗ್ಲಿಷಿಗೆ ಬಂದಿತು. ಊರು ಬಿಟ್ಟು ಹೋದ ಮಗ ಪರದೇಶದ ಉಡುಪಿನಲ್ಲಿ ಮರಳಿ ಬಂದು ಅಣ್ಣನ ಪಕ್ಕದ ಮನೆಯಲ್ಲಿ ಬಾಡಿಗೆಗೆ ಇಳಿದಂತೆ ಇದು. ಮುಂದೆ ಬೀದಿಯೆಲ್ಲ ಅವನದೇ ಆಯಿತು. ಅಣ್ಣ ಹಳೆಯ ಮನೆಯ ಒಳಕೋಣೆ ಸೇರಿದ.

ಅಣ್ಣನ ಒಳ್ಳೆಯ ಕಾಲವನ್ನು ನೋಡಬೇಕಾದರೆ ‘ಬಿಯೊವುಲ್ಫ್’ ಕಾವ್ಯಕ್ಕೆ ಹೋಗಬೇಕು. ಮೂರು ಸಾವಿರಕ್ಕೂ ಮಿಕ್ಕಿದ ಸಾಲುಗಳ ಈ ಕಾವ್ಯ ಸುಮಾರು 1000ನೆಯ ಇಸವಿಯ ಒಂದೇ ಒಂದು ಹಸ್ತಪ್ರತಿಯಲ್ಲಿ ಉಳಿದಿದೆ. 1731ರ ಬೆಂಕಿಯಲ್ಲಿ ಅದರ ಅಂಚುಗಳು ಸುಟ್ಟವು, ಉಳಿದದ್ದು ಪುಣ್ಯ. ಈ ಕಾವ್ಯದಲ್ಲಿ ಯೋಧರ ತಲೆಯ ಮೇಲೆ ಹೆಲ್ಮುಗಳಿವೆ; ಕಾವಲಿಗೆಂದು ಅವುಗಳ ಮೇಲೆ ಹಂದಿಯ ಆಕಾರವನ್ನು ಕೂರಿಸಿದ್ದಾರೆ. ಇದು ಬರಿಯ ಕವಿಕಲ್ಪನೆಯಲ್ಲ. 1848ರಲ್ಲಿ ಡರ್ಬಿಷೈರಿನ ಬೆಂಟಿ ಗ್ರೇಂಜಿನಲ್ಲಿ ಸಮಾಧಿಯೊಂದನ್ನು ಅಗೆದಾಗ ನೆತ್ತಿಯ ಮೇಲೆ ಹಂದಿಯನ್ನು ಹೊತ್ತ ಅಂಥ ಹೊದಿಕೆಯೇ ಸಿಕ್ಕಿತು. 1939ರಲ್ಲಿ ಸಫೋಕಿನ ಸಟನ್ ಹೂ ಎಂಬಲ್ಲಿ ನೆಲದಡಿಯ ಹಡಗಿನ ಸಮಾಧಿಯಲ್ಲಿ ಇನ್ನೊಂದು ಸಿಕ್ಕಿತು. ಅದು ನೂರಾರು ಚೂರುಗಳಾಗಿತ್ತು. ಬ್ರಿಟಿಷ್ ಮ್ಯೂಸಿಯಮ್ಮಿನವರು ಅದನ್ನು ಒಮ್ಮೆ ಜೋಡಿಸಿ, ಸರಿಯಾಗಲಿಲ್ಲವೆಂದು ಬಿಚ್ಚಿ, 1971ರಲ್ಲಿ ಮತ್ತೊಮ್ಮೆ ಜೋಡಿಸಿದರು. ಇಂದು ಜಗತ್ತೆಲ್ಲ ಅದನ್ನು ಸಟನ್ ಹೂ ಹೆಲ್ಮೆಟ್ ಎಂದು ಕರೆಯುತ್ತದೆ. ಅದನ್ನು ತೊಟ್ಟಿದ್ದವನಿಗೆ ಆ ಶಬ್ದ ಗೊತ್ತಿರಲಿಲ್ಲ. ಅವನ ಪಾಲಿಗೆ ಅದು ಹೆಲ್ಮ್.

ಆದರೆ ಬಿಯೊವುಲ್ಫ್ ಕವಿ ಈ ಶಬ್ದವನ್ನು ತಲೆಗೆ ಮಾತ್ರ ಮೀಸಲಿಡುವುದಿಲ್ಲ. ಡೇನರ ಮುದಿದೊರೆ ಹ್ರೋತ್‌ಗಾರನು ಮಾತನಾಡಲು ತೊಡಗಿದಾಗ ಕವಿ ಅವನನ್ನು ಸ್ಕಿಲ್ಡಿಂಗರ ಹೆಲ್ಮ್ ಎನ್ನುತ್ತಾನೆ. ಸ್ಕಿಲ್ಡಿಂಗರೆಂದರೆ ಅವನ ಕುಲದವರು. ದೇವರನ್ನು ಸ್ವರ್ಗದ ಹೆಲ್ಮ್ ಎನ್ನುತ್ತಾನೆ. ಕತ್ತಲು ಕವಿದುಕೊಂಡು ಬಂದರೆ ಅದು ರಾತ್ರಿಯ ಹೆಲ್ಮ್. ಆ ಕಾಲದ ಬೇರೆ ಪದ್ಯಗಳಲ್ಲಿ ಮಂಜೂ ಹೆಲ್ಮ್, ಆಳದಲ್ಲಿರುವುದನ್ನು ಮುಚ್ಚುವ ಕಡಲಿನ ನೀರೂ ಹೆಲ್ಮ್. ಇಂದಿಗೂ ಉತ್ತರ ಇಂಗ್ಲೆಂಡಿನ ಕ್ರಾಸ್ ಫೆಲ್ ಬೆಟ್ಟದ ನೆತ್ತಿಯ ಮೇಲೆ ಟೋಪಿಯಂತೆ ಕೂರುವ ಮೋಡವನ್ನು ಅಲ್ಲಿಯ ಜನ ಹೆಲ್ಮ್ ಎನ್ನುತ್ತಾರೆ. ಅದರಡಿಯಿಂದ ಇಳಿಜಾರಿಗೆ ನುಗ್ಗುವ ಗಾಳಿಗೆ ಹೆಲ್ಮ್ ಗಾಳಿ ಎಂದು ಹೆಸರು. ಹೀಗೆ ದೊರೆ, ದೇವರು, ರಾತ್ರಿ, ಮಂಜು, ನೀರು, ಮೋಡ ಇವೆಲ್ಲವನ್ನೂ ಒಂದು ಶಬ್ದ ಅಪ್ಪಿಕೊಂಡಿದೆ. ಈ ಸ್ಥಳಗಳಲ್ಲೆಲ್ಲ ಹೆಲ್ಮೆಟ್ ಎಂದು ಹಾಕಿ ಓದಿ ನೋಡಿ. ಡೇನರ ಹೆಲ್ಮೆಟ್, ಸ್ವರ್ಗದ ಹೆಲ್ಮೆಟ್, ರಾತ್ರಿಯ ಹೆಲ್ಮೆಟ್! ನಗು ಬರುತ್ತದೆ. ಆ ನಗುವೇ ಎರಡು ಶಬ್ದಗಳ ನಡುವಣ ಅಂತರಕ್ಕೆ ಸಾಕ್ಷಿ.

ಹ್ರೋತ್‌ಗಾರನನ್ನು ಕವಿ ಹೀಗೆ ಕರೆಯುವುದರಲ್ಲಿ ಇನ್ನೂ ಒಂದು ಸ್ವಾರಸ್ಯವಿದೆ. ಜನರ ಹೆಲ್ಮ್ ಆಗಿರಬೇಕಾದ ಈ ದೊರೆಯ ಸಭಾಮಂದಿರಕ್ಕೆ ಹನ್ನೆರಡು ವರ್ಷಗಳ ಕಾಲ ಗ್ರೆಂಡೆಲ್ ಎಂಬ ರಾಕ್ಷಸ ನುಗ್ಗಿ ಜನರನ್ನು ಕೊಂದಿದ್ದಾನೆ. ದೊರೆ ಏನೂ ಮಾಡಲಾರದೆ ಕುಳಿತಿದ್ದಾನೆ. ಅವನನ್ನು ಕಾಯಲು ಕಡಲಾಚೆಯಿಂದ ತರುಣನೊಬ್ಬ ಬರಬೇಕಾಗಿದೆ. ಅಂಥ ಗಳಿಗೆಯಲ್ಲಿಯೂ ಕವಿ ಬಿರುದನ್ನು ಬಿಡುವುದಿಲ್ಲ. ಇದು ವ್ಯಂಗ್ಯವಲ್ಲ, ಮರುಕ. ಬಿರುದು ಹೇಳುವ ಕರ್ತವ್ಯವನ್ನು ನೆರವೇರಿಸಲಾರದ ಮುದುಕನ ನೋವು ಆ ಒಂದು ಶಬ್ದದಲ್ಲಿದೆ. ‘ಡೇನರ ಒಡೆಯ’ ಎಂದು ಸಲೀಸಾಗಿ ಅನುವಾದಿಸಿ ಮುಗಿಸಿದವರು ವ್ಯಾಕರಣಕ್ಕೆ ಅಪಚಾರ ಮಾಡಿಲ್ಲ, ನಿಜ. ಮಾಡಿದ್ದು ಆ ಮುದುಕನಿಗೆ.

ಇಂಗ್ಲಿಷರ ಮನೆಮನೆಯಲ್ಲಿ ಈ ಶಬ್ದ ವೇಷ ಮರೆಸಿಕೊಂಡು ಇನ್ನೂ ಬದುಕಿದೆ. ವಿಲಿಯಂ ಎಂಬ ಹೆಸರು ‘ವಿಲ್’ ಮತ್ತು ‘ಹೆಲ್ಮ್’ ಎಂಬ ಎರಡು ಮಾತುಗಳ ಸಮಾಸ. ಸಂಕಲ್ಪವೇ ಹೆಲ್ಮ್ ಆದವನು ಎಂದು ವಿಗ್ರಹವಾಕ್ಯ ಮಾಡಬಹುದು. ಜರ್ಮನರ ವಿಲ್‌ಹೆಲ್ಮ್ ಎಂಬ ರೂಪದಲ್ಲಿ ಇದು ಸ್ಪಷ್ಟವಾಗಿದೆ. ಈ ಹೆಸರಿನ ಒಬ್ಬ ನಾರ್ಮಂಡಿಯ ಡ್ಯೂಕ್ 1066ರಲ್ಲಿ ಇಂಗ್ಲೆಂಡಿನ ಮೇಲೆ ದಂಡೆತ್ತಿ ಬಂದ. ಹೇಸ್ಟಿಂಗ್ಸ್ ಕದನದ ನಡುವೆ ಅವನು ಸತ್ತನೆಂಬ ಸುದ್ದಿ ಹಬ್ಬಿ ಅವನ ಸೈನ್ಯ ಓಡತೊಡಗಿತು. ಆಗ ಅವನು ತಲೆಯ ಹೊದಿಕೆಯನ್ನು ಮೇಲಕ್ಕೆತ್ತಿ ತನ್ನ ಮುಖವನ್ನು ತೋರಿಸಿದನಂತೆ. ಬೇಯೂ ಪಟವೆಂದು ಪ್ರಸಿದ್ಧವಾದ, ಸುಮಾರು ಎಪ್ಪತ್ತು ಮೀಟರ್ ಉದ್ದದ ಕಸೂತಿಯ ಬಟ್ಟೆಯಲ್ಲಿ ಈ ಪ್ರಸಂಗವನ್ನು ಹೆಣೆದಿದ್ದಾರೆ. ಸಾವಿರ ಬಾಣಗಳು ಹಾರುವ ಕಡೆ ತಲೆಯನ್ನು ಬಯಲು ಮಾಡುವುದು ಹುಚ್ಚು. ಆದರೆ ತನ್ನ ತಲೆಯ ಹೆಲ್ಮನ್ನು ಸರಿಸಿದ ಆ ಗಳಿಗೆಯಲ್ಲಿಯೇ ಅವನು ತನ್ನವರ ಹೆಲ್ಮ್ ಆದ. ವಸ್ತುವಿಗೂ ಕಾರ್ಯಕ್ಕೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ಯಾವ ನಿಘಂಟೂ ತೋರಿಸಲಾರದು.

ಮುಂದಿನ ಶತಮಾನಗಳಲ್ಲಿ ಯುದ್ಧದ ರೀತಿ ಬದಲಾಯಿತು, ಹೊದಿಕೆಯೂ ಬದಲಾಯಿತು. ಸುಮಾರು 1200ರ ಹೊತ್ತಿಗೆ ಮುಖವನ್ನೆಲ್ಲ ಮುಚ್ಚುವ, ಕೊಳಗವನ್ನು ಬೋರಲು ಹಾಕಿದಂತಿರುವ ದೊಡ್ಡ ಹೆಲ್ಮ್ ಬಂದಿತು. ಕಣ್ಣಿಗೆ ಎರಡು ಸೀಳು, ಉಸಿರಿಗೆ ನಾಲ್ಕಾರು ತೂತು. ಅದರ ಕೆಳಗೆ ಸರದಾರರು ತಲೆಗೆ ಅಂಟಿಕೊಳ್ಳುವ ಇನ್ನೊಂದು ಚಿಕ್ಕ ಲೋಹದ ಟೊಪ್ಪಿಗೆಯನ್ನು ತೊಡುತ್ತಿದ್ದರು. ಕ್ರಮೇಣ ಆ ಚಿಕ್ಕದೇ ಬಲಿತು ಹಗುರವೂ ಭದ್ರವೂ ಆಯಿತು; ದೊಡ್ಡ ಹೆಲ್ಮ್ ರಣರಂಗವನ್ನು ಬಿಟ್ಟು ಪಂದ್ಯದ ಅಂಗಳಕ್ಕೂ ಸಮಾಧಿಯ ಗೋಡೆಗೂ ಸರಿಯಿತು. 1376ರಲ್ಲಿ ತೀರಿಕೊಂಡ ಎಡ್ವರ್ಡ್ ಯುವರಾಜನ ಹೆಲ್ಮನ್ನು ಕ್ಯಾಂಟರ್‌ಬರಿಯ ಇಗರ್ಜಿಯಲ್ಲಿ ಅವನ ಸಮಾಧಿಯ ಮೇಲೆ ತೂಗುಹಾಕಿದ್ದರು. ಹೆಲ್ಮ್ ಹೀಗೆ ಸಮಾಧಿಯ ಒಡವೆಯಾದ ಮೇಲೆಯೇ ಹೆಲ್ಮೆಟ್ ಎಂಬ ಶಬ್ದ ಇಂಗ್ಲಿಷಿಗೆ ಬಂದದ್ದು. ಅಂದರೆ ದಿನಬಳಕೆಯ ವಸ್ತುವಿಗೆ ಹೊಸ ಹೆಸರು ಸಿಕ್ಕಿತು, ಹಳೆಯ ಹೆಸರಿಗೆ ನೆನಪಿನ ಗೌರವ ಅಂಟಿಕೊಂಡಿತು.

ಕಾವ್ಯಕ್ಕೆ ಹೆಲ್ಮ್, ಗದ್ಯಕ್ಕೆ ಹೆಲ್ಮೆಟ್ ಎಂಬ ಸೂತ್ರ ಹುಟ್ಟಿದ್ದು ಈ ಗೌರವದಿಂದ. ಅದನ್ನು ಪರೀಕ್ಷಿಸಿ ನೋಡೋಣ. ಟೆನಿಸನ್ 1832ರಲ್ಲಿ ಪ್ರಕಟಿಸಿ 1842ರಲ್ಲಿ ತಿದ್ದಿದ ‘ದಿ ಲೇಡಿ ಆಫ್ ಷಾಲಟ್’ ಇಂಗ್ಲಿಷಿನ ಅತ್ಯಂತ ಸುಕುಮಾರ ಕವನಗಳಲ್ಲಿ ಒಂದು. ಅದರಲ್ಲಿ ಲಾನ್ಸಲಟನ ತಲೆಯ ಮೇಲಿರುವುದು ಹೆಲ್ಮೆಟ್. ಅದೇ ಕವಿ ಆರ್ಥರ್ ದೊರೆಯ ಕಥೆಗಳನ್ನು ಗಂಭೀರ ಛಂದಸ್ಸಿನಲ್ಲಿ ಹೇಳುವಾಗ ಹೆಲ್ಮನ್ನು ಮತ್ತೆ ಮತ್ತೆ ಕರೆತರುತ್ತಾನೆ. ಕಾವ್ಯ ಎರಡನ್ನೂ ಬಳಸುತ್ತದೆ ಎಂದಾಯಿತು. ಒಂದು ಮಾತನ್ನು ಇಲ್ಲಿ ಒಪ್ಪಿಕೊಳ್ಳಬೇಕು: ಹೆಲ್ಮ್‌ಗೆ ಒಂದು ಉಚ್ಚಾರಖಂಡ, ಹೆಲ್ಮೆಟ್‌ಗೆ ಎರಡು. ಪಂಕ್ತಿಯ ಲಯ ಬೇಡಿದ್ದನ್ನು ಕವಿ ಕೊಡುತ್ತಾನೆ. ಪ್ರತಿಯೊಂದು ಪ್ರಯೋಗದಲ್ಲಿಯೂ ತತ್ತ್ವವನ್ನು ಹುಡುಕುವುದು ವಿಮರ್ಶೆಯಲ್ಲ, ಭ್ರಮೆ.

ಷೇಕ್ಸ್‌ಪಿಯರನಲ್ಲಿಯೂ ಎರಡು ಶಬ್ದಗಳಿವೆ. ಐದನೆಯ ಹೆನ್ರಿಯನ್ನು ಕುರಿತ ನಾಟಕದ ಕೊನೆಯ ಅಂಕಕ್ಕೆ ಮುನ್ನ ಸೂತ್ರಧಾರ ಬಂದು ಹೇಳುವ ವೃತ್ತಾಂತವಿದೆ. ಅಜಿನ್‌ಕೋರ್ಟಿನಲ್ಲಿ ಗೆದ್ದು ಬಂದ ದೊರೆಯ ನೆಗ್ಗಿದ ಹೆಲ್ಮೆಟ್ಟನ್ನೂ ಬಾಗಿದ ಕತ್ತಿಯನ್ನೂ ಲಂಡನ್ನಿನಲ್ಲಿ ಮೆರವಣಿಗೆ ಮಾಡಿಸಬೇಕೆಂದು ಸರದಾರರಿಗೆ ಆಸೆ, ದೊರೆ ಬೇಡವೆನ್ನುತ್ತಾನೆ. ಅಲ್ಲಿ ಅದು ತೋರಿಸುವ ವಸ್ತು, ಮೆರವಣಿಗೆಯ ಸಾಮಗ್ರಿ. ಹೆಲ್ಮೆಟ್ ಎಂಬ ಹೆಸರು ಅದಕ್ಕೆ ಒಪ್ಪುತ್ತದೆ. ಒಥೆಲೊ ವೆನಿಸ್ಸಿನ ಸಭೆಯ ಮುಂದೆ ನಿಂತು, ಪ್ರೇಮದ ಸುಖದಲ್ಲಿ ತಾನು ಕರ್ತವ್ಯವನ್ನು ಮರೆತರೆ ಗೃಹಿಣಿಯರು ತನ್ನ ಹೆಲ್ಮನ್ನು ಅಡಿಗೆಯ ಬಾಣಲೆ ಮಾಡಿಕೊಳ್ಳಲಿ ಎಂದು ಆಣೆಯಿಡುತ್ತಾನೆ. ಇಲ್ಲಿಯೂ ಅದು ಲೋಹದ ವಸ್ತುವೇ. ಆದರೆ ಪಣಕ್ಕೆ ಬಿದ್ದಿರುವುದು ಲೋಹವಲ್ಲ. ವೆನಿಸ್ ನಗರವನ್ನು ಕಾಯುವ ಪದವಿಯನ್ನು ಅವನು ಒತ್ತೆಯಿಡುತ್ತಿದ್ದಾನೆ. ಲಯ ಬೇಡಿದ್ದಿರಬಹುದು, ಅರ್ಥವೂ ಬೇಡಿತು.

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ‘ಲಿಯರ್’ ನಾಟಕದ ನಾಲ್ಕನೆಯ ಅಂಕದ ಏಳನೆಯ ದೃಶ್ಯ. ರಾಜ್ಯವನ್ನು ಹಂಚಿಕೊಟ್ಟು, ಹಿರಿಯ ಮಕ್ಕಳಿಂದ ಬಾಗಿಲು ಹಾಕಿಸಿಕೊಂಡು, ಬಿರುಗಾಳಿಯಲ್ಲಿ ಅಲೆದು ಬುದ್ಧಿಭ್ರಮೆಯಾದ ತಂದೆ ಮಲಗಿದ್ದಾನೆ. ಕಿರಿಯ ಮಗಳು ಕಾರ್ಡೀಲಿಯ ಅವನನ್ನು ನೋಡುತ್ತಾಳೆ. ಆ ಸಿಡಿಲು ಮಿಂಚುಗಳ ಎದುರಿಗೆ ಈ ಮುದಿತಲೆಗೆ ಇದ್ದ ರಕ್ಷೆ ಯಾವುದು? ವಿರಳವಾದ ಬಿಳಿಗೂದಲು. ಆ ತೆಳ್ಳನೆಯ ಕೂದಲನ್ನೇ ಅವಳು ಹೆಲ್ಮ್ ಎಂದು ಕರೆಯುತ್ತಾಳೆ. 1608ರ ಕ್ವಾರ್ಟೊ ಮುದ್ರಣದಲ್ಲಿರುವ ಈ ಮಾತು 1623ರ ಫೋಲಿಯೊದಲ್ಲಿ ಬಿಟ್ಟುಹೋಗಿದೆ. ಯಾರು ಬಿಟ್ಟರೋ ಏಕೆ ಬಿಟ್ಟರೋ ಅದು ಪಂಡಿತರ ಚರ್ಚೆ. ಓದುಗನ ಪಾಲಿಗೆ ಇದು ಬಿಡಬಾರದ ಮಾತು.

ಏಕೆಂದರೆ, ಈ ಶಬ್ದದಲ್ಲಿ ಇಡೀ ನಾಟಕ ಅಡಗಿದೆ. ದೊರೆ ಎಂದರೆ ಜನರ ಹೆಲ್ಮ್. ಲಿಯರ್ ಆ ಕೆಲಸವನ್ನು ಕಳಚಿಟ್ಟು ಪದವಿಯ ಹೆಸರನ್ನು ಮಾತ್ರ ಇಟ್ಟುಕೊಳ್ಳಲು ಹೊರಟವನು. ಮೂರನೆಯ ಅಂಕದ ಮಳೆಯಲ್ಲಿ ನಿಂತಾಗ ಅವನಿಗೆ ಮೊದಲ ಬಾರಿಗೆ ಸೂರಿಲ್ಲದ ಬಡವರ ನೆನಪಾಗುತ್ತದೆ; ಇಂಥ ರಾತ್ರಿಗಳಲ್ಲಿ ಅವರ ತಲೆಗಳಿಗೆ ಏನು ಗತಿ, ನಾನು ಇದನ್ನು ಗಮನಿಸಲೇ ಇಲ್ಲವಲ್ಲ ಎಂದು ಹಲುಬುತ್ತಾನೆ. ಜನಕ್ಕೆ ಹೆಲ್ಮ್ ಆಗದಿದ್ದವನ ತಲೆಯ ಮೇಲೆ ಕೊನೆಗೆ ಉಳಿದ ಹೆಲ್ಮ್ ನಾಲ್ಕು ಎಳೆ ಕೂದಲು. ಆದರೂ ಮಗಳು ಅದನ್ನು ಆ ಹೆಸರಿನಿಂದಲೇ ಕರೆಯುತ್ತಾಳೆ. ಬಾಗಿಲು ಹಾಕಿದ ಅಕ್ಕಂದಿರ ಎದುರಿಗೆ, ಹ್ರೋತ್‌ಗಾರನ ಕವಿಯಲ್ಲಿದ್ದ ಮರುಕವೇ ಕಾರ್ಡೀಲಿಯಳ ಬಾಯಲ್ಲಿ ಕೇಳಿಬರುತ್ತದೆ. ಇಲ್ಲಿ ಹೆಲ್ಮೆಟ್ ಎಂದಿದ್ದರೆ ಕೂದಲನ್ನು ಟೋಪಿಗೆ ಹೋಲಿಸಿದಂತಾಗುತ್ತಿತ್ತು. ಉಪಮೆ ಸರಿ; ದುರಂತ ಕೈತಪ್ಪುತ್ತಿತ್ತು.

ಹಾಸ್ಯದ ಕಡೆಯಿಂದಲೂ ಇದಕ್ಕೆ ಒಂದು ಸಮರ್ಥನೆ ಸಿಕ್ಕುತ್ತದೆ. ಸೆರ್ವಾಂಟಿಸನ ‘ಡಾನ್ ಕ್ವಿಕ್ಸೋಟ್’ ಕಾದಂಬರಿಯ ಮೊದಲ ಭಾಗ ಬಂದದ್ದು 1605ರಲ್ಲಿ. ಅದರ 21ನೆಯ ಅಧ್ಯಾಯದಲ್ಲಿ ಹಜಾಮನೊಬ್ಬ ಮಳೆಗೆ ತನ್ನ ಟೋಪಿ ಕೆಡದಿರಲೆಂದು ಕ್ಷೌರದ ಹಿತ್ತಾಳೆಯ ಬಟ್ಟಲನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಕತ್ತೆಯ ಮೇಲೆ ಬರುತ್ತಾನೆ. ನಮ್ಮ ನಾಯಕನಿಗೆ ಅದು ಮಾಂಬ್ರಿನೊ ದೊರೆಯ ಚಿನ್ನದ ಯೆಲ್ಮೊ ಆಗಿ ಕಾಣುತ್ತದೆ. ಸ್ಪ್ಯಾನಿಷಿನ ಯೆಲ್ಮೊ ನಮ್ಮ ಹೆಲ್ಮಿನ ಒಡಹುಟ್ಟು. ಇಂಗ್ಲಿಷಿನಲ್ಲಿ ಇದು ಮಾಂಬ್ರಿನೊವಿನ ಹೆಲ್ಮೆಟ್ ಎಂದು ಪ್ರಸಿದ್ಧವಾಗಿದೆ. ಈ ರೂಢಿ ನನಗೆ ಒಪ್ಪಿಗೆಯಾಗುವುದಿಲ್ಲ. ನಾಯಕನ ಹುಚ್ಚು ಕಂಡದ್ದು ಪುರಾಣದ ಹೆಲ್ಮನ್ನು. ಸಾಂಕೊ ಕಂಡದ್ದು ಬಟ್ಟಲನ್ನು. ನಡುವಣ ಹೆಲ್ಮೆಟ್ಟನ್ನು ಇಬ್ಬರೂ ಕಾಣಲಿಲ್ಲ. ಮುಂದೆ ವ್ಯಾಜ್ಯ ಹತ್ತಿದಾಗ ಸಾಂಕೊ ಎರಡು ಪಕ್ಷಗಳಿಗೂ ಸಮಾಧಾನವಾಗುವಂತೆ ‘ಬಾಸಿಯೆಲ್ಮೊ’ ಎಂಬ ಹೊಸ ಶಬ್ದವನ್ನೇ ಹೊಸೆಯುತ್ತಾನೆ. ‘ಬಟ್ಟಲು-ಹೆಲ್ಮ್’ ಎನ್ನಬಹುದು. ಅನುವಾದಕರು ಈ ಅನಕ್ಷರಸ್ಥ ರೈತನಿಂದ ಕಲಿಯುವುದು ಬಹಳವಿದೆ.

ಕಲಿಯಬೇಕಾದುದು ಇದು: ಒಂದೇ ಶಬ್ದ ಸಾಲದಿದ್ದಾಗ ಮನೆಯಲ್ಲಿ ಬೇರೆ ಏನಿದೆಯೆಂದು ಹುಡುಕಬೇಕು. ನಮ್ಮ ಮನೆಯಲ್ಲಿ ಏನೇನಿದೆ? ಶಿರಸ್ತ್ರಾಣವಿದೆ, ಸ್ಪಷ್ಟವಾದ, ಸ್ವಲ್ಪ ಭಾರವಾದ ಶಬ್ದ. ಅಮರಕೋಶದಲ್ಲಿ ಶೀರ್ಷಕ, ಶೀರ್ಷಣ್ಯ, ಶಿರಸ್ತ್ರ ಎಂಬ ಹೆಸರುಗಳಿವೆ. ಈ ಶೀರ್ಷಕವೇ ತದ್ಭವವಾಗಿ ‘ಸೀಸಕ’ ಎಂದಾಗಿ ಕುಮಾರವ್ಯಾಸನ ಯುದ್ಧವರ್ಣನೆಗಳಲ್ಲಿ ‘ಜೋಡು’ ಎಂಬ ಕವಚದ ಜೊತೆಗೆ ಕಾಣಿಸಿಕೊಳ್ಳುತ್ತದೆ. ಶೀರ್ಷಕದ ಇನ್ನೊಂದು ಕವಲು ಇಂದು ಶೀರ್ಷಿಕೆಯಾಗಿ ಲೇಖನಗಳ ನೆತ್ತಿಯ ಮೇಲೆ ಕುಳಿತಿದೆ. ಹಳೆಯ ರಣರಂಗದ ವಸ್ತುವನ್ನು ಹೇಳುವಾಗ ಸೀಸಕ ಎನ್ನುವುದೇ ಚೆಂದ. ಇಂದಿನ ಓದುಗ ಸೀಸವೆಂಬ ಲೋಹವನ್ನು ನೆನೆದಾನು ಎಂಬ ಭಯ ಬೇಡ. ಸಂದರ್ಭ ಅವನನ್ನು ದಾರಿಗೆ ತರುತ್ತದೆ.

ಆದರೆ ಇವೆಲ್ಲ ವಸ್ತುವಿನ ಹೆಸರುಗಳು. ದೊರೆಯನ್ನೂ ದೇವರನ್ನೂ ರಾತ್ರಿಯನ್ನೂ ಒಟ್ಟಿಗೆ ಹೊರಬಲ್ಲ ಹೆಲ್ಮ್‌ಗೆ ಯಾವ ಮಾತು? ಕೆಲವರು ಕೊಡೆ ಎಂದಾರು. ಬೆಳ್ಗೊಡೆಯ ನೆರಳಿನಲ್ಲಿ ಪ್ರಜೆಗಳು ಬಾಳಿದ ಕಲ್ಪನೆ ನಮಗೆ ಪರಿಚಿತ. ಆದರೆ ಕೊಡೆ ಬಿಸಿಲಿನ ದೇಶದ ರಕ್ಷೆ, ಹೆಲ್ಮ್ ಏಟಿನ ದೇಶದ ರಕ್ಷೆ. ಕೊಡೆ ಹೊಡೆತವನ್ನು ತಡೆಯದು. ಕಾಪು ಎಂಬ ಒಳ್ಳೆಯ ಮಾತಿದೆ. ಅದರಲ್ಲಿ ರಕ್ಷಣೆ ಉಂಟು, ಹೊದಿಕೆ ಇಲ್ಲ. ನನಗೆ ಸರಿಕಾಣುವ ಮಾತು ‘ಮರೆ’.

ಮಳೆ ಬಂದಾಗ ಮರದ ಮರೆಗೆ ನಿಲ್ಲುತ್ತೇವೆ. ತೆರೆಯ ಮರೆಯಲ್ಲಿ ವೇಷ ಕಟ್ಟುತ್ತಾರೆ. ಶತ್ರುವಿಗೆ ಹೆದರಿದವನು ಬಲ್ಲಿದನ ಮರೆಹೊಗುತ್ತಾನೆ. ಮರೆಹೊಕ್ಕವರನ್ನು ಕಾಯದಿರುವುದು ನಮ್ಮ ಕಾವ್ಯಗಳಲ್ಲಿ ದೊಡ್ಡ ಪಾತಕ. ಮುಚ್ಚುವುದು, ಮರೆಮಾಡುವುದು, ಕಾಪಾಡುವುದು, ಆ ಹಳೆಯ ಇಂಡೋ-ಯುರೋಪಿಯನ್ ಧಾತುವಿನ ಮೂರು ಅರ್ಥಗಳೂ ಈ ದ್ರಾವಿಡ ಶಬ್ದದಲ್ಲಿ ಹಾಗೆಯೇ ಕೂಡಿವೆ. ಭಾಷೆಗಳಿಗೆ ರಕ್ತಸಂಬಂಧವಿಲ್ಲ, ಅನುಭವಕ್ಕಿದೆ. ರಾತ್ರಿಯ ಮರೆ, ಮಂಜಿನ ಮರೆ, ದೇವರ ಮರೆ, ದೊರೆಯ ಮರೆ: ಯಾವುದನ್ನು ಓದಿದರೂ ನಗು ಬರುವುದಿಲ್ಲ. ಹ್ರೋತ್‌ಗಾರನನ್ನು ಸ್ಕಿಲ್ಡಿಂಗರ ಮರೆ ಎಂದರೆ ಕನ್ನಡದ ಕಿವಿ ಅದನ್ನು ಒಪ್ಪುತ್ತದೆ. ನಮ್ಮ ಶಾಸನಗಳು ವೀರರಿಗೆ ‘ಶರಣಾಗತ ವಜ್ರಪಂಜರ’ ಎಂಬ ಬಿರುದನ್ನು ಕೊಟ್ಟಿವೆ. ಬಂದವರನ್ನು ಸುತ್ತಲೂ ಮುಚ್ಚಿ ಕಾಯುವ ವಜ್ರದ ಗೂಡು! ಡೇನರ ಕವಿಗೆ ಈ ಬಿರುದನ್ನು ವಿವರಿಸಬೇಕಾಗಿಯೇ ಇರಲಿಲ್ಲ. ಮರೆ ಎಂದರೆ ಮರೆಯುವುದೂ ಆಗುತ್ತದಲ್ಲ ಎಂದು ಆಕ್ಷೇಪಿಸಬಹುದು. ನಿಜ; ಆದರೆ ಮರೆಹೊಕ್ಕವನನ್ನು ಮರೆತವನೆಂದು ತಿಳಿಯುವ ಕನ್ನಡಿಗನನ್ನು ನಾನು ಇನ್ನೂ ಕಂಡಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಹೆಲ್ಮ್ ದೊಡ್ಡದು, ಹೆಲ್ಮೆಟ್ ಕ್ಷುದ್ರ ಎಂದು ತೀರ್ಮಾನಿಸಿದರೆ ಅನ್ಯಾಯವಾಗುತ್ತದೆ. ಅರೇಬಿಯದ ಲಾರೆನ್ಸ್ ಎಂದು ಹೆಸರಾದ ಟಿ. ಇ. ಲಾರೆನ್ಸ್ ಹಳೆಯ ಸರದಾರರ ಕಥೆಗಳನ್ನು ಪ್ರೀತಿಸಿದ ಮನುಷ್ಯ. ಮರಳುಗಾಡಿನ ಯುದ್ಧದಲ್ಲಿ ಆರ್ಥರ್ ದೊರೆಯ ಕಥೆಯ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ತಿರುಗಿದವನು. 1932ರಲ್ಲಿ ಹೋಮರನ ‘ಒಡಿಸ್ಸಿ’ಯನ್ನು ಇಂಗ್ಲಿಷ್ ಗದ್ಯಕ್ಕೆ ತಂದವನು. ಅವನು ಓದಿದ ಪುಟಗಳಲ್ಲಿ ಹೆಲ್ಮುಗಳಿಗೆ ಕೊರತೆಯಿರಲಿಲ್ಲ. 1935ರ ಮೇ 13ರಂದು ಮೋಟಾರ್ ಸೈಕಲ್ಲಿನಲ್ಲಿ ಹೋಗುತ್ತ, ಎದುರಿಗಿದ್ದ ಸೈಕಲ್ ಸವಾರರನ್ನು ತಪ್ಪಿಸಲು ಹೋಗಿ ಬಿದ್ದ. ತಲೆಯ ಮೇಲೆ ಏನೂ ಇರಲಿಲ್ಲ. ಆರು ದಿನಗಳ ಮೇಲೆ ತೀರಿಕೊಂಡ. ಅವನನ್ನು ನೋಡಲು ಬಂದಿದ್ದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮೆದುಳಿನ ಶಸ್ತ್ರವೈದ್ಯರೂ ಒಬ್ಬರು. ಅವರು ಆ ಸಾವನ್ನು ಮರೆಯಲಿಲ್ಲ. ಮೋಟಾರ್ ಸೈಕಲ್ ಸವಾರರ ತಲೆಯ ಗಾಯಗಳನ್ನು ಅಭ್ಯಾಸ ಮಾಡಿ 1941ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಬ್ರಿಟಿಷ್ ಸೈನ್ಯ ತನ್ನ ಸವಾರರಿಗೆ ಹೆಲ್ಮೆಟ್ಟನ್ನು ಕಡ್ಡಾಯ ಮಾಡಿತು. 1973ರಲ್ಲಿ ಅಲ್ಲಿಯ ಎಲ್ಲ ಸವಾರರಿಗೂ ಅದು ಕಾನೂನಾಯಿತು. ಕಾವ್ಯದ ಹೆಲ್ಮ್ ಒಬ್ಬ ಭಕ್ತನನ್ನು ಉಳಿಸಲಿಲ್ಲ. ಗದ್ಯದ ಹೆಲ್ಮೆಟ್ ಹೆಸರಿಲ್ಲದ ಸಾವಿರಾರು ಜನರನ್ನು ಉಳಿಸಿತು.

ಆ ಗದ್ಯದ ಹೆಲ್ಮೆಟ್ ಇಂದು ಕನ್ನಡ ಶಬ್ದವೇ ಆಗಿದೆ. ನಮ್ಮ ದೇಶದ ಮೋಟಾರು ವಾಹನಗಳ ಕಾಯಿದೆ 1988ರದು. ಕರ್ನಾಟಕದಲ್ಲಿ 2016ರಿಂದ ಹಿಂಬದಿಯ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ಬೀದಿಯಲ್ಲಿ ಶಿರಸ್ತ್ರಾಣ ಕೊಡಿ ಎಂದು ಅಂಗಡಿಯವನನ್ನು ಕೇಳುವವರಿಲ್ಲ, ಕೇಳಬೇಕಾಗಿಯೂ ಇಲ್ಲ. ಬಂದ ಶಬ್ದ ತನ್ನ ಕೆಲಸ ಮಾಡುತ್ತಿದೆ. ಆದರೆ ಬಹುಮಂದಿ ಅದನ್ನು ತೊಡುವುದು ತಲೆಗಾಗಿ ಅಲ್ಲ, ಮುಂದಿನ ವೃತ್ತದಲ್ಲಿ ನಿಂತಿರುವ ಪೋಲೀಸಿನವರಿಗಾಗಿ. ಅರ್ಧ ತಲೆಯನ್ನೂ ಮುಚ್ಚದ ಚಿಪ್ಪನ್ನು ನೆತ್ತಿಯ ಮೇಲೆ ಕೂರಿಸಿ, ಪಟ್ಟಿಯನ್ನು ಬಿಗಿಯದೆ ಹೊರಡುತ್ತಾರೆ. ಬಟ್ಟಲಿಗೂ ಅದಕ್ಕೂ ವ್ಯತ್ಯಾಸವೇನೆಂದು ಸಾಂಕೊ ಬಂದು ಹೇಳಬೇಕು. ಹಿಂದೆ ಕುಳಿತ ಹೆಂಡತಿ ಮಕ್ಕಳ ತಲೆ ಎಷ್ಟೋ ವೇಳೆ ಬರಿದು.

ಎರಡು ಶಬ್ದಗಳ ಅಂತರ ಇಲ್ಲಿ ಕೇವಲ ಸಾಹಿತ್ಯದ ವಿಷಯವಾಗಿ ಉಳಿಯುವುದಿಲ್ಲ. ಅಂಗಡಿಯಲ್ಲಿ ಹಣ ಕೊಟ್ಟು ತರುವುದು ಹೆಲ್ಮೆಟ್. ತಾನು ಕಂಡ ಒಂದು ಸಾವಿನ ನೆನಪಿನಲ್ಲಿ ಕಾಣದವರ ತಲೆಗಳಿಗಾಗಿ ದುಡಿದ ಕೇರ್ನ್ಸರು ಮಾಡಿದ್ದು ಹೆಲ್ಮಿನ ಕೆಲಸ. ವಸ್ತುವಿನ ಹೆಸರು ಎಲ್ಲ ಭಾಷೆಗಳಿಗೂ ಸುಲಭವಾಗಿ ಹೋಗುತ್ತದೆ. ಕೆಲಸದ ಹೆಸರನ್ನು ಪ್ರತಿಯೊಂದು ಭಾಷೆಯೂ ತನ್ನೊಳಗೆ ಹುಡುಕಿಕೊಳ್ಳಬೇಕು. ನಮಗೆ ಆ ಹೆಸರು ಹಿಂದಿನಿಂದಲೂ ಇದೆ. ಬಿಯೊವುಲ್ಫನ್ನೋ ಲಿಯರನ್ನೋ ಮುಂದೆ ಕನ್ನಡಿಸಲು ಕೂರುವವರು ಶಿರಸ್ತ್ರಾಣವನ್ನು ಬರೆಯುವ ಮುನ್ನ ಒಂದು ಗಳಿಗೆ ಲೇಖನಿಯನ್ನು ತಡೆದು, ಇಲ್ಲಿ ತಲೆಯ ಮೇಲಿರುವುದು ಲೋಹವೋ ಮರೆಯೋ ಎಂದು ಕೇಳಿಕೊಂಡರೆ ನನ್ನ ಈ ಬರಹ ಸಾರ್ಥಕ.